ಕ್ಯಾನನ್ 80ಡಿ: ಶಾರ್ಪ್‌ನೆಸ್ ಮೆನುವಿನ ಮೂರು ಅಂಕಿಗಳು

ಕ್ಯಾನನ್ ಇಒಎಸ್ 80ಡಿ ಕ್ಯಾಮೆರಾ ಪ್ರಕಟವಾದದ್ದು 2016ರ ಫೆಬ್ರವರಿಯಲ್ಲಿ. ಈಗ ಅದು ಹಳೆಯ ಕ್ಯಾಮೆರಾಗಳ ಸಾಲಿಗೆ ಸೇರಿದ್ದರೂ, ಮದುವೆ ಫೋಟೊಗ್ರಫಿಗೆ ಹೊಸದಾಗಿ ಇಳಿಯುವವರು, ಪ್ರವಾಸದ ಮತ್ತು ಪಕ್ಷಿಗಳ ಚಿತ್ರ ತೆಗೆಯುವ ಹವ್ಯಾಸಿಗಳು ಅದನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಿ ಕೊಳ್ಳುವುದು ನಿಂತಿಲ್ಲ. ನಾನೂ ಎರಡು ವರ್ಷದ ಹಿಂದೆ ಹಾಗೆಯೇ ಕೊಂಡೆ. ಅದರ ಜೊತೆಗೆ 18–135 ಎಂಎಂ ಯುಎಸ್ಎಂ ಲೆನ್ಸ್ ಬಂತು, 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸ್ ಮೊದಲೇ ನನ್ನಲ್ಲಿತ್ತು. ಈ ಕ್ಯಾಮೆರಾದ ಆಟೊಫೋಕಸ್, ತಿರುಗುವ ಪರದೆ, ಬ್ಯಾಟರಿಯ ಬಾಳಿಕೆ ಇವುಗಳ ಬಗ್ಗೆ ಬೇಕಾದಷ್ಟು ಚರ್ಚೆ ಆಗಿಹೋಗಿದೆ. ಆದರೆ ಕೊಂಡವರಲ್ಲಿ ಅನೇಕರು ಒಮ್ಮೆಯೂ ತೆರೆದು ನೋಡದ, ತೆರೆದರೂ ಒಂದೇ ಒಂದು ಅಂಕಿಯನ್ನು ಮೇಲಕ್ಕೇರಿಸಿ ಮುಚ್ಚಿಬಿಡುವ ಮೆನುವೊಂದು ಇದರಲ್ಲಿದೆ. ಈ ವಿಮರ್ಶೆ ಆ ಶಾರ್ಪ್‌ನೆಸ್ ಮೆನುವಿಗೆ ಮಾತ್ರ ಸಂಬಂಧಿಸಿದ್ದು.

‘ಫೋಟೊ ಶಾರ್ಪ್ ಬರುತ್ತಿಲ್ಲ’ ಎಂಬ ಕೊರಗಿನಿಂದ ಈ ಮೆನುವಿಗೆ ಬರುವವರು, ದೋಷ ಎಲ್ಲಿಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಕೈ ಅಲುಗಿ ಮಸುಕಾದ ಚಿತ್ರವನ್ನಾಗಲಿ, ಕಣ್ಣನ್ನು ಬಿಟ್ಟು ಕಿವಿಯ ಮೇಲೆ ಫೋಕಸ್ ಕೂತ ಚಿತ್ರವನ್ನಾಗಲಿ ಇಲ್ಲಿನ ಯಾವ ಅಂಕಿಯೂ ಸರಿಪಡಿಸಲಾರದು. ಕ್ಯಾಮೆರಾವನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಒಂದೇ ವಸ್ತುವನ್ನು ಒಮ್ಮೆ ವ್ಯೂಫೈಂಡರ್ ಮೂಲಕವೂ ಇನ್ನೊಮ್ಮೆ ಲೈವ್ ವ್ಯೂ (ಹಿಂದಿನ ಪರದೆ) ಮೂಲಕವೂ ಫೋಕಸ್ ಮಾಡಿ ತೆಗೆದು ಹೋಲಿಸಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಲೈವ್ ವ್ಯೂನಲ್ಲಿ ಫೋಕಸಿನ ಅಳತೆ ನಡೆಯುವುದು ಚಿತ್ರ ಮೂಡುವ ಸೆನ್ಸರಿನ ಮೇಲೆಯೇ. ವ್ಯೂಫೈಂಡರ್‌ನಲ್ಲಾದರೆ ಅದಕ್ಕೆಂದೇ ಇರುವ ಬೇರೊಂದು ಸೆನ್ಸರ್ ಅಳೆಯುತ್ತದೆ. ವ್ಯೂಫೈಂಡರಿನ ಚಿತ್ರ ಮಾತ್ರ ಮಂಕಾಗಿದ್ದರೆ, ಎಎಫ್ ಮೈಕ್ರೊಅಡ್ಜಸ್ಟ್‌ಮೆಂಟ್‌ನಲ್ಲಿ ಹಿಂದಕ್ಕೂ ಮುಂದಕ್ಕೂ 20 ಹೆಜ್ಜೆಗಳವರೆಗೆ ತಿದ್ದಿಕೊಳ್ಳಬಹುದು. ಎರಡೂ ಚಿತ್ರಗಳು ಒಂದೇ ಹದದಲ್ಲಿದ್ದು, ಆದರೂ ನೋಡಲು ಸಪ್ಪೆಯಾಗಿವೆ ಅಥವಾ ಒರಟಾಗಿವೆ ಎನ್ನಿಸಿದರೆ ಮಾತ್ರ ಶಾರ್ಪ್‌ನೆಸ್ ಮೆನುವಿನ ಕಡೆಗೆ ಬರಬೇಕು.

ಮೆನು ಇರುವುದು ಪಿಕ್ಚರ್ ಸ್ಟೈಲ್ ಒಳಗೆ, ಅಂದರೆ ಚಿತ್ರದ ಬಣ್ಣ, ಹರಿತ ಹೇಗಿರಬೇಕೆಂದು ಮೊದಲೇ ಹೊಂದಿಸಿಟ್ಟ ಮಾದರಿಗಳ ಪಟ್ಟಿಯಲ್ಲಿ. ಬೇಕಾದ ಸ್ಟೈಲ್ ಮೇಲೆ ನಿಂತು ಇನ್ಫೊ ಗುಂಡಿಯನ್ನು ಒತ್ತಿದರೆ ಅದರ ವಿವರಗಳು ತೆರೆದುಕೊಳ್ಳುತ್ತವೆ. ಕ್ಯಾನನ್‌ನ ಹಿಂದಿನ ಮಾದರಿಗಳಲ್ಲಿ ಶಾರ್ಪ್‌ನೆಸ್‌ಗೆ 0ಯಿಂದ 7ರವರೆಗಿನ ಒಂದೇ ಅಳತೆ ಇರುತ್ತಿತ್ತು. 2015ರಲ್ಲಿ 50 ಮೆಗಾಪಿಕ್ಸೆಲ್‌ಗಳ 5ಡಿಎಸ್ ಬಂದಾಗ ಅದನ್ನು ಮೂರಾಗಿ ಒಡೆದರು. 80ಡಿಯಲ್ಲಿಯೂ ಆ ಮೂರು ಇವೆ. ಮೊದಲನೆಯದು 0ಯಿಂದ 7ರವರೆಗಿನ ಸ್ಟ್ರೆಂತ್, ಅಂದರೆ ಅಂಚುಗಳನ್ನು ಎಷ್ಟು ಜೋರಾಗಿ ಎತ್ತಿ ತೋರಿಸಬೇಕು ಎಂಬುದು. ಎರಡನೆಯದು 1ರಿಂದ 5ರವರೆಗಿನ ಫೈನ್‌ನೆಸ್, ಅಂದರೆ ಹಾಗೆ ಎತ್ತಿ ತೋರಿಸುವ ಗೆರೆ ಎಷ್ಟು ಸಪೂರವಾಗಿರಬೇಕು ಎಂಬುದು. ಇಲ್ಲಿ ಅಂಕಿ ಚಿಕ್ಕದಾದಷ್ಟೂ ಗೆರೆ ತೆಳು. ಮೂರನೆಯದು, ಅದೂ 1ರಿಂದ 5ರವರೆಗಿನ, ಥ್ರೆಶೋಲ್ಡ್. ಇದನ್ನು ಮನೆಯ ಹೊಸ್ತಿಲು ಎಂದೇ ತಿಳಿದುಕೊಳ್ಳಬಹುದು: ಹೊಸ್ತಿಲು ಎತ್ತರವಾದಷ್ಟೂ ಬೆಳಕಿನ ಸಣ್ಣಪುಟ್ಟ ವ್ಯತ್ಯಾಸಗಳು ಅದನ್ನು ದಾಟಿ ಒಳಗೆ ಬರಲಾರವು, ಗಟ್ಟಿ ಅಂಚುಗಳು ಮಾತ್ರ ದಾಟುತ್ತವೆ. ಅಂಕಿಯನ್ನು ಇಳಿಸಿದರೆ ಬಟ್ಟೆಯ ನೇಯ್ಗೆಯೂ ಒಳಗೆ ಬರುತ್ತದೆ, ಅದರ ಹಿಂದೆಯೇ ನಾಯ್ಸ್ (ಚಿತ್ರದ ಮೇಲೆ ಮೂಡುವ ಬೇಡದ ಕಣಗಳು) ಕೂಡ ಬರುತ್ತದೆ. ಕಾರ್ಖಾನೆಯಿಂದ ಬರುವಾಗ ಸ್ಟ್ಯಾಂಡರ್ಡ್ ಸ್ಟೈಲ್‌ನಲ್ಲಿ ಈ ಮೂರು ಕ್ರಮವಾಗಿ 3, 4, 4 ಇರುತ್ತವೆ; ಫೈನ್ ಡೀಟೇಲ್‌ನಲ್ಲಿ 4, 1, 1; ನ್ಯೂಟ್ರಲ್‌ನಲ್ಲಿ 0, 2, 2. ನಾವು ಬದಲಾಯಿಸಿದ ಅಂಕಿ ಪಟ್ಟಿಯಲ್ಲಿ ನೀಲಿ ಬಣ್ಣದಲ್ಲಿ ಕಾಣುವುದು ಚಿಕ್ಕದಾದರೂ ಉಪಯುಕ್ತವಾದ ಏರ್ಪಾಡು. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೈಗೆ ಬಂದ ದಿನ, ಹಿಂದಿನ ಮಾಲೀಕರು ಎಲ್ಲೆಲ್ಲಿ ಕೈಯಾಡಿಸಿದ್ದರು ಎಂಬುದು ನನಗೆ ಗೊತ್ತಾದದ್ದು ಆ ನೀಲಿಯಿಂದ. ಸ್ಟ್ಯಾಂಡರ್ಡ್‌ನಲ್ಲಿ ಸ್ಟ್ರೆಂತ್ 7 ಇತ್ತು. ಉಳಿದ ಎರಡನ್ನು ಯಾರೂ ಮುಟ್ಟಿರಲಿಲ್ಲ.

ಕ್ಯಾಮೆರಾ ಯಾಕೆ ಚಿತ್ರವನ್ನು ಹರಿತಗೊಳಿಸಬೇಕು, ಲೆನ್ಸ್ ಕೊಟ್ಟದ್ದು ಸಾಲದೆ ಎಂಬ ಪ್ರಶ್ನೆ ಸಹಜವಾದದ್ದೇ. ಸೆನ್ಸರಿನ ಪ್ರತಿಯೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದ ಎರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಲೆಕ್ಕ ಹಾಕಿ ತುಂಬಬೇಕಾಗುತ್ತದೆ. ಜೊತೆಗೆ, ನೇಯ್ಗೆಯಂಥ ಒತ್ತೊತ್ತಾದ ವಿನ್ಯಾಸಗಳ ಮೇಲೆ ಇಲ್ಲದ ಬಣ್ಣದ ಪಟ್ಟೆಗಳು ಮೂಡದಿರಲೆಂದು ಸೆನ್ಸರಿನ ಮುಂದೆ ಇಟ್ಟಿರುವ ಲೋ-ಪಾಸ್ ಫಿಲ್ಟರ್ ಚಿತ್ರವನ್ನು ಬೇಕೆಂದೇ ಕೊಂಚ ಮೆತ್ತಗಾಗಿಸುತ್ತದೆ. ಆದ್ದರಿಂದ ಸೆನ್ಸರಿನಿಂದ ಹೊರಬಂದ ಚಿತ್ರ ಸ್ವಲ್ಪ ಮಂಕಾಗಿರುವುದೇ ನಿಯಮ. ಅದನ್ನು ಸರಿದೂಗಿಸಲು ಕ್ಯಾಮೆರಾ ಅಂಚುಗಳನ್ನು ಗುರುತಿಸಿ, ಅಂಚಿನ ಕಪ್ಪು ಬದಿಯನ್ನು ಇನ್ನಷ್ಟು ಕಪ್ಪಾಗಿಸಿ ಬಿಳಿ ಬದಿಯನ್ನು ಇನ್ನಷ್ಟು ಬೆಳಗಿಸುತ್ತದೆ. ಇದು ಕಂಪ್ಯೂಟರ್ ಯುಗದ ಉಪಾಯವೂ ಅಲ್ಲ. ನೆಗೆಟಿವ್‌ನಿಂದ ಮಸುಕಾದ ಪಾಸಿಟಿವ್ ಒಂದನ್ನು ತಯಾರಿಸಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಪ್ರಿಂಟ್ ಹಾಕಿ ಅಂಚುಗಳನ್ನು ಎತ್ತಿ ತೋರಿಸುವ ಕೆಲಸ ಡಾರ್ಕ್‌ರೂಮ್‌ಗಳಲ್ಲಿ ನಡೆಯುತ್ತಿತ್ತು. ಹರಿತಗೊಳಿಸುವ ಸಾಧನಕ್ಕೆ ‘ಅನ್‌ಶಾರ್ಪ್ ಮಾಸ್ಕ್’ ಎಂಬ ವಿಚಿತ್ರ ಹೆಸರು ಬಂದದ್ದು ಆ ಮಸುಕು ಪದರದಿಂದ. ಎರಡು ಕಾಲದಲ್ಲಿಯೂ ನಡೆಯುವುದು ಕಣ್ಣಿಗೆ ಕೊಡುವ ಸುಳುಹು ಮಾತ್ರ. ಇಲ್ಲದ ವಿವರ ಇದರಿಂದ ಹುಟ್ಟುವುದಿಲ್ಲ.

ಪರೀಕ್ಷೆಗೆ ಈ ಕ್ಯಾಮೆರಾ ಒಂದು ಒಳ್ಳೆಯ ಅನುಕೂಲ ಮಾಡಿಕೊಟ್ಟಿದೆ. ರಾ ಚಿತ್ರವನ್ನು, ಅಂದರೆ ಸೆನ್ಸರ್ ಅಳೆದ ಕಚ್ಚಾ ಮಾಹಿತಿಯನ್ನು, ಕ್ಯಾಮೆರಾದ ಒಳಗೇ ಸಿದ್ಧ ಜೆಪೆಗ್ ಚಿತ್ರವಾಗಿ ಪರಿವರ್ತಿಸಬಹುದು, ಹಾಗೆ ಪರಿವರ್ತಿಸುವಾಗ ಪಿಕ್ಚರ್ ಸ್ಟೈಲ್‌ನ ಅಂಕಿಗಳನ್ನೂ ಬದಲಾಯಿಸಬಹುದು. ಹೊಸ ಜೆಪೆಗ್ ಬೇರೆ ಫೈಲ್ ಆಗಿ ಉಳಿಯುತ್ತದೆ, ಮೂಲ ರಾ ಹಾಗೆಯೇ ಇರುತ್ತದೆ. ಹೀಗಾಗಿ ಒಂದೇ ಕ್ಲಿಕ್ಕಿನಿಂದ ಹತ್ತು ಬಗೆಯ ಶಾರ್ಪ್‌ನೆಸ್ ತೆಗೆದು ಹೋಲಿಸಬಹುದು. ಗಾಳಿ ಬೀಸಿತು, ಬೆಳಕು ಬದಲಾಯಿತು, ಫೋಕಸ್ ಸರಿಯಿತು ಎಂಬ ಗೊಂದಲಗಳು ಇರುವುದಿಲ್ಲ. ಚಿಕ್ಕ ಗಾತ್ರದ ಎಂ-ರಾ ಮತ್ತು ಎಸ್-ರಾ ಫೈಲುಗಳಿಗೆ ಈ ಸೌಲಭ್ಯ ಇಲ್ಲ, ಪೂರ್ಣ ಗಾತ್ರದ ರಾ ಬೇಕು. ಮುಂದೆ ಹೇಳುವ ಹೋಲಿಕೆಗಳೆಲ್ಲ ಹೀಗೆ ಮಾಡಿಕೊಂಡವು. ನೋಡಿದ್ದು ಕಂಪ್ಯೂಟರ್ ಪರದೆಯ ಮೇಲೆ ನೂರಕ್ಕೆ ನೂರರ ಅಳತೆಯಲ್ಲಿ ಮತ್ತು 12×18 ಇಂಚಿನ ಪ್ರಿಂಟ್‌ಗಳಲ್ಲಿ. ಈ ಕ್ಯಾಮೆರಾದ 6000×4000 ಪಿಕ್ಸೆಲ್‌ಗಳ ಚಿತ್ರ ಆ ಪ್ರಿಂಟಿನಲ್ಲಿ ಇಂಚಿಗೆ ಸುಮಾರು 333 ಪಿಕ್ಸೆಲ್‌ನಂತೆ ಕೂರುವುದರಿಂದ, ಯಾವ ದೋಷವೂ ಅಡಗಿಕೊಳ್ಳಲು ಅಲ್ಲಿ ಹೆಚ್ಚು ಜಾಗವಿಲ್ಲ.

ಮೊದಲ ಪರೀಕ್ಷೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆ. ಬಳಪದ ಕಲ್ಲು ಕೆತ್ತನೆಗೆ ಎಷ್ಟು ಒಗ್ಗುತ್ತದೆಯೋ ಕ್ಯಾಮೆರಾಕ್ಕೆ ಅಷ್ಟೇ ಕಷ್ಟ ಕೊಡುತ್ತದೆ. ಬಣ್ಣ ಹೆಚ್ಚುಕಡಿಮೆ ಒಂದೇ. ಕೊರಳ ಹಾರದ ಮಣಿಗೂ ಅದರ ಹಿಂದಿನ ಎದೆಗೂ ಇರುವ ವ್ಯತ್ಯಾಸ ನೆರಳಿನದು ಮಾತ್ರ. ಬೆಳಗಿನ ಓರೆ ಬಿಸಿಲಿನಲ್ಲಿ ಆ ನೆರಳು ಗಟ್ಟಿಯಾಗಿರುತ್ತದೆ, ಮೋಡ ಕವಿದರೆ ಅದೂ ಕರಗುತ್ತದೆ. ನಾನು ತೆಗೆದದ್ದು ಮೋಡದಲ್ಲಿ, ಟ್ರೈಪಾಡ್ ಇಲ್ಲದೆ, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/8, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸಂವೇದನೆ) 200. ಸ್ಟ್ಯಾಂಡರ್ಡ್‌ನ 3, 4, 4ರಲ್ಲಿ ಮೂರ್ತಿಯ ಹೊರರೇಖೆ, ಕಿರೀಟದ ಅಂಚು, ಆನೆಗಳ ಸಾಲಿನ ಬೆನ್ನು ಇವೆಲ್ಲ ಚೆನ್ನಾಗಿ ಎದ್ದು ಕಂಡವು, ಆದರೆ ಆಭರಣಗಳ ಒಳಗೆಲಸ ಮತ್ತು ಕಲ್ಲಿನ ಮೈ ಮೆತ್ತಿದಂತೆ ಉಳಿದವು. ಸ್ಟ್ರೆಂತನ್ನು 6ಕ್ಕೆ ಏರಿಸಿದಾಗ ಆದದ್ದು ಇಷ್ಟೇ: ಆಗಲೇ ಎದ್ದಿದ್ದ ಹೊರರೇಖೆ ಇನ್ನಷ್ಟು ದಪ್ಪವಾಗಿ, ಮೂರ್ತಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ ಹಾಗೆ ಕಂಡಿತು, ಒಳಗೆಲಸ ಮೊದಲಿದ್ದ ಹಾಗೆಯೇ ಇತ್ತು. ಏಕೆಂದರೆ ಥ್ರೆಶೋಲ್ಡ್ 4ರಲ್ಲಿಯೇ ಇತ್ತು, ಮಣಿಗಳ ನಡುವಿನ ತೆಳು ನೆರಳು ಆ ಹೊಸ್ತಿಲನ್ನು ದಾಟುವಂತಿರಲಿಲ್ಲ. ಸ್ಟ್ರೆಂತನ್ನು ಮತ್ತೆ 4ಕ್ಕೆ ಇಳಿಸಿ, ಫೈನ್‌ನೆಸ್ 1, ಥ್ರೆಶೋಲ್ಡ್ 2 ಮಾಡಿದಾಗ ಮಣಿಗಳು ಬಿಡಿಬಿಡಿಯಾದವು, ಉಳಿ ಓಡಿದ ಗುರುತುಗಳೂ ಕಂಡವು, ಹೊರರೇಖೆ ಹದಕ್ಕೆ ಬಂತು. ಥ್ರೆಶೋಲ್ಡನ್ನು 1ಕ್ಕೆ ಇಳಿಸಿದರೆ ಕಲ್ಲು ಇನ್ನೂ ಚುರುಕಾಗಿ ಕಾಣುತ್ತದೆ, ಆದರೆ ಗೋಡೆಯ ಮೇಲಿನ ಬೂದು ಆಕಾಶದಲ್ಲಿ ಮರಳಿನಂಥ ಕಣಗಳು ಮೂಡುತ್ತವೆ. ಒಂದು ಅಂಕಿಯ ಅಂತರದಲ್ಲಿ ಇಷ್ಟು ವ್ಯತ್ಯಾಸ ಸ್ಟ್ರೆಂತ್‌ನಲ್ಲಿ ನನಗೆಂದೂ ಕಂಡಿಲ್ಲ.

ಫೈನ್‌ನೆಸ್‌ನ ಬೆಲೆ ಅರ್ಥವಾಗಬೇಕಾದರೆ ಅಡಿಕೆ ತೋಟಕ್ಕೆ ಹೋಗಬೇಕು. ಬಿಳಿಯ ಮಳೆಗಾಲದ ಆಕಾಶ, ಅದರ ಎದುರು ಅಡಿಕೆ ಸೋಗೆಯ ಕಪ್ಪು ಎಳೆಗಳು. ಇದಕ್ಕಿಂತ ಗಟ್ಟಿ ಅಂಚು ಪ್ರಕೃತಿಯಲ್ಲಿ ಸಿಗುವುದು ಕಡಿಮೆ. ಇಲ್ಲಿ ಥ್ರೆಶೋಲ್ಡ್ ಎಷ್ಟಿದ್ದರೂ ನಡೆಯುತ್ತದೆ, ಈ ಅಂಚು ಯಾವ ಹೊಸ್ತಿಲನ್ನಾದರೂ ದಾಟುತ್ತದೆ. ಫೈನ್‌ನೆಸ್ 4 ಇದ್ದಾಗ ಸ್ಟ್ರೆಂತ್ 5 ದಾಟಿತೆಂದರೆ ಪ್ರತಿ ಎಳೆಯ ಸುತ್ತ ಆಕಾಶಕ್ಕಿಂತಲೂ ಬೆಳ್ಳಗಿನ ಗೆರೆಯೊಂದು ಎದ್ದು ಕಾಣುತ್ತದೆ, ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಒತ್ತಾಗಿ ಇಳಿಬಿದ್ದ ಎಳೆಗಳ ನಡುವೆ ಈ ಬಿಳಿಗೆರೆಗಳು ಒಂದಕ್ಕೊಂದು ಕೂಡಿಕೊಂಡು ಸೋಗೆಯೇ ಜಾಳುಜಾಳಾಗಿ ಕಾಣುತ್ತದೆ. ಅದೇ ಸ್ಟ್ರೆಂತ್ ಇಟ್ಟುಕೊಂಡು ಫೈನ್‌ನೆಸ್ 1 ಮಾಡಿದರೆ ಆ ಗೆರೆ ಎಷ್ಟು ಸಪೂರವಾಗುತ್ತದೆ ಎಂದರೆ, ಪ್ರಿಂಟಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಸೋಗೆ ಮಾತ್ರ ಸ್ಪಷ್ಟವಾಗುತ್ತದೆ.

ಹಾಗಾದರೆ ಸ್ಟ್ಯಾಂಡರ್ಡ್‌ಗೆ ಫೈನ್‌ನೆಸ್ 4 ಎಂಬ ದಪ್ಪ ಗೆರೆಯನ್ನು ಯಾಕೆ ಇಟ್ಟರು? ನನ್ನ ಊಹೆ ಹೀಗಿದೆ. ಈಗಿನ ಚಿತ್ರಗಳನ್ನು ಹೆಚ್ಚಾಗಿ ನೋಡುವುದು ಫೋನಿನಲ್ಲಿ. ವಾಟ್ಸ್‌ಆ್ಯಪ್ ಮೂಲಕ ಹೋಗುವಾಗ ಚಿತ್ರ ಕುಗ್ಗುತ್ತದೆ. 6000 ಪಿಕ್ಸೆಲ್ ಅಗಲದ ಚಿತ್ರ 1500ಕ್ಕೆ ಇಳಿದರೆ ಎರಡು ಪಿಕ್ಸೆಲ್ ಅಗಲದ ಗೆರೆ ಅರ್ಧ ಪಿಕ್ಸೆಲ್ ಆಗುತ್ತದೆ, ಅಂದರೆ ಕಾಣದಂತಾಗುತ್ತದೆ. ದಪ್ಪ ಗೆರೆಯಾದರೆ ಸ್ವಲ್ಪವಾದರೂ ಉಳಿದು ಚಿತ್ರ ಚುರುಕಾಗಿ ತೋರುತ್ತದೆ. ಕಾರ್ಖಾನೆಯ 3, 4, 4 ಸಣ್ಣದಾಗಿ ನೋಡುವವರಿಗೆ ಒಪ್ಪುವ ಹೊಂದಾಣಿಕೆ, ದೊಡ್ಡದಾಗಿ ಪ್ರಿಂಟ್ ಹಾಕಿಸುವವರಿಗೆ ಒಪ್ಪುವುದಲ್ಲ. ಇದನ್ನು ದೋಷವೆನ್ನಲಾಗದು, ಆದರೆ ಕೊಳ್ಳುವವರು ತಿಳಿದಿರಬೇಕು.

ಮದುವೆ ಮನೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಒಂದೇ ಚೌಕಟ್ಟಿನಲ್ಲಿ ಇಳಕಲ್ ಸೀರೆಯ ಸೆರಗೂ ಇರುತ್ತದೆ, ಅಜ್ಜಿಯ ಮುಖವೂ ಇರುತ್ತದೆ. ಸೀರೆಗೆ ಬೇಕಾದ ಕಡಿಮೆ ಥ್ರೆಶೋಲ್ಡ್ ಮುಖಕ್ಕೆ ಬೇಡ. ಚರ್ಮದ ರಂಧ್ರ, ಮೇಕಪ್ ಪುಡಿ, ಬೆವರಿನ ಹೊಳಪು ಎಲ್ಲವೂ ಹೊಸ್ತಿಲು ದಾಟಿ ಬಂದರೆ ಯಾರೂ ಸಂತೋಷಪಡುವುದಿಲ್ಲ. ನಾನು ಕೆಲವು ತಿಂಗಳು ಪ್ರಯೋಗ ಮಾಡಿ ನಿಂತ ಹೊಂದಾಣಿಕೆ 2, 3, 4. ಕಣ್ಣಿನ ರೆಪ್ಪೆ, ಮೂಗುತಿ, ಜರಿಯ ಅಂಚು ಇವು ಗಟ್ಟಿ ಅಂಚುಗಳಾದ್ದರಿಂದ ಥ್ರೆಶೋಲ್ಡ್ 4ರಲ್ಲಿಯೂ ಚುರುಕಾಗುತ್ತವೆ, ಕೆನ್ನೆ ಮೃದುವಾಗಿಯೇ ಉಳಿಯುತ್ತದೆ. ಸೀರೆಯ ಮೈಯ ನೇಯ್ಗೆ ಸ್ವಲ್ಪ ಕಳೆದುಹೋಗುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ. ಆಲ್ಬಮ್‌ಗೆ ಕೊಡುವಾಗ ಇನ್ನೊಂದು ಎಚ್ಚರ ಬೇಕು. ಕೆಲವು ಲ್ಯಾಬ್‌ಗಳಲ್ಲಿ ಪ್ರಿಂಟ್‌ಗೆ ಮುಂಚೆ ತಾವೇ ಒಮ್ಮೆ ಶಾರ್ಪ್ ಮಾಡುತ್ತಾರೆ. ಕ್ಯಾಮೆರಾ ಒಮ್ಮೆ, ಲ್ಯಾಬ್ ಒಮ್ಮೆ ಎಂದು ಎರಡು ಸಲ ಹರಿತವಾದ 12×36 ಇಂಚಿನ ಹಾಳೆಯೊಂದು ನನ್ನಲ್ಲಿದೆ. ಅದರಲ್ಲಿ ಮದುಮಗನ ಪೇಟದ ಸುತ್ತ ಪ್ರಭಾವಳಿ ಕಾಣುತ್ತದೆ. ಫೈಲ್ ಕೊಡುವಾಗ ‘ಶಾರ್ಪ್ ಮಾಡಬೇಡಿ’ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಆಮೇಲೆ ಬಂತು.

ರಾತ್ರಿಯ ಯಕ್ಷಗಾನದಲ್ಲಿ ಐಎಸ್‌ಒ 6400ರ ವರೆಗೆ ಹೋಗದೆ ವಿಧಿಯಿಲ್ಲ, ಅಲ್ಲಿ ಶಾರ್ಪ್‌ನೆಸ್ ಒಂಟಿಯಾಗಿ ಕೆಲಸ ಮಾಡುವುದೂ ಇಲ್ಲ. ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಕಣಗಳನ್ನು ಒರೆಸಲು ಹೋಗಿ ಮುಖವರ್ಣಿಕೆಯ ಚುಟ್ಟಿಗಳನ್ನೂ ಕಿರೀಟದ ಸಣ್ಣ ಕುಸುರಿಯನ್ನೂ ಒರೆಸುತ್ತದೆ. ಆಮೇಲೆ ಶಾರ್ಪ್‌ನೆಸ್ ಬಂದು ಉಳಿದ ಅಂಚುಗಳಿಗೆ ಗೆರೆ ಎಳೆಯುತ್ತದೆ. ಎರಡೂ ಹೆಚ್ಚಾದರೆ ವೇಷಧಾರಿ ಮೇಣದ ಗೊಂಬೆಯಂತಾಗುತ್ತಾನೆ. ನಾಯ್ಸ್ ರಿಡಕ್ಷನ್ ಅನ್ನು ಲೋ ಇಟ್ಟು, ಶಾರ್ಪ್‌ನೆಸ್ ಅನ್ನು 3, 3, 5ಕ್ಕೆ ಇಟ್ಟಾಗ ಕಣಗಳು ಉಳಿದರೂ ಅವು ಎದ್ದು ಕುಣಿಯುವುದಿಲ್ಲ. ಫೈನ್ ಡೀಟೇಲ್ ಸ್ಟೈಲನ್ನು ಹೆಸರು ನೋಡಿ ರಾತ್ರಿ ಬಳಸಿದವರು ನಿರಾಶರಾಗುವುದು ಖಚಿತ, ಅದರ ಥ್ರೆಶೋಲ್ಡ್ 1 ಎಂಬುದನ್ನು ನೆನಪಿಡಬೇಕು.

ಎಲ್ಲವೂ ಸ್ಪಷ್ಟವಾಗಿರಲಿ ಎಂದು ಎಫ್/16, ಎಫ್/22ಕ್ಕೆ ಹೋಗುವವರಿಗೆ ಒಂದು ಮಾತು. ಎಫ್ ಅಂಕಿ ಏರಿ ಅಪರ್ಚರ್ ಕಿರಿದಾದಷ್ಟೂ ಬೆಳಕು ಹರಡಿ, ಒಂದು ಬಿಂದು ಚಿಕ್ಕ ತಟ್ಟೆಯಾಗುತ್ತದೆ. ಹಸಿರು ಬೆಳಕಿಗೆ ಎಫ್/8ರಲ್ಲಿ ಆ ತಟ್ಟೆಯ ವ್ಯಾಸ ಸುಮಾರು 11 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), ಎಫ್/16ರಲ್ಲಿ ಸುಮಾರು 21. ಈ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 3.7 ಮೈಕ್ರಾನ್, ಅಂದರೆ ಎಫ್/16ರಲ್ಲಿ ಬಿಂದು ಐದಾರು ಪಿಕ್ಸೆಲ್ ಅಗಲಕ್ಕೆ ಹರಡಿರುತ್ತದೆ. ಅಲ್ಲಿ ಫೈನ್‌ನೆಸ್ 1 ಇಟ್ಟರೆ ಹಿಡಿಯಲು ಸಪೂರ ವಿವರವೇ ಇರುವುದಿಲ್ಲ, ನಾಯ್ಸ್ ಮಾತ್ರ ಸಿಗುತ್ತದೆ. 3 ಅಥವಾ 4 ಸ್ವಲ್ಪ ಉಪಕಾರ ಮಾಡುತ್ತದೆ. ಎಫ್/8ರಲ್ಲಿ ತೆಗೆಯುವುದು ಅದಕ್ಕಿಂತ ದೊಡ್ಡ ಉಪಕಾರ.

ರಾದಲ್ಲಿಯೇ ತೆಗೆಯುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೆ? ರಾ ಫೈಲಿನ ಮಾಹಿತಿಯನ್ನು ಈ ಅಂಕಿಗಳು ಬದಲಾಯಿಸುವುದಿಲ್ಲ, ಅದರ ಜೊತೆಗೆ ಒಂದು ಚೀಟಿಯಂತೆ ಹೋಗುತ್ತವೆ. ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್ ತಂತ್ರಾಂಶ ಆ ಚೀಟಿಯನ್ನು ಓದಿ ಹಾಗೆಯೇ ತೋರಿಸುತ್ತದೆ, ಬೇಕಾದರೆ ಬದಲಾಯಿಸಲೂ ಬಿಡುತ್ತದೆ; ಲೈಟ್‌ರೂಮ್ ಈ ಶಾರ್ಪ್‌ನೆಸ್ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತನ್ನದೇ ಹೊಂದಾಣಿಕೆಯಿಂದ ಶುರುಮಾಡುತ್ತದೆ. ಆದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ನಾವು ನೋಡುವುದು ರಾ ಅಲ್ಲ, ಅದರೊಳಗೆ ಅಡಗಿರುವ ಜೆಪೆಗ್. ಸ್ಟ್ರೆಂತ್ 7 ಇಟ್ಟುಕೊಂಡರೆ ಅಲ್ಪಸ್ವಲ್ಪ ಫೋಕಸ್ ತಪ್ಪಿದ ಚಿತ್ರವೂ ಪರದೆಯ ಮೇಲೆ ಚೆನ್ನಾಗಿದೆ ಎನ್ನಿಸಿ, ಮನೆಗೆ ಬಂದ ಮೇಲೆ ನಿಜ ತಿಳಿಯುತ್ತದೆ. ರಾ ಬಳಸುವವರು ಆ ಪರದೆಯನ್ನು ನಂಬಬೇಕಾದರೆ ಸ್ಟ್ರೆಂತನ್ನು 2 ಅಥವಾ 3ರಲ್ಲಿಯೇ ಇಡುವುದು ವಾಸಿ.

ವಿಡಿಯೊದಲ್ಲಿ ಫೈನ್‌ನೆಸ್ ಮತ್ತು ಥ್ರೆಶೋಲ್ಡ್ ಸಿಗುವುದಿಲ್ಲ, ಸ್ಟ್ರೆಂತ್ ಒಂದೇ. ನಾನು ಅದನ್ನು 1ರಲ್ಲಿ ಇಟ್ಟು ಮರೆತಿದ್ದೇನೆ.

ಒಟ್ಟಿನಲ್ಲಿ ಕೊಟ್ಟ ಹಣಕ್ಕೆ ಈ ಮೆನು ನನಗೆ ತೃಪ್ತಿ ಕೊಟ್ಟಿದೆ. ಜೆಪೆಗ್‌ನಲ್ಲಿಯೇ ಕೆಲಸ ಮುಗಿಸಿ ಅಂದೇ ಸಂಜೆ ಫೋಟೊ ಕೊಡಬೇಕಾದವರಿಗೆ ಇದು ನಿಜವಾದ ಅನುಕೂಲ. ಒಂದೇ ಅಳತೆಯಿದ್ದ ಹಳೆಯ ಕ್ಯಾನನ್‌ಗಳಿಂದ ಬಂದವರಿಗೆ ಈ ಕಾರಣಕ್ಕಾಗಿಯೇ 80ಡಿಯನ್ನು ಶಿಫಾರಸು ಮಾಡುತ್ತೇನೆ. ಕೊರತೆಗಳೂ ಇವೆ. ಅಂಕಿ ಬದಲಾಯಿಸುವಾಗ ಅದರ ಪರಿಣಾಮವನ್ನು ಅಲ್ಲೇ ಹಿಗ್ಗಿಸಿ ಅಕ್ಕಪಕ್ಕದಲ್ಲಿಟ್ಟು ನೋಡುವ ಏರ್ಪಾಡಿಲ್ಲ, ಒಂದೊಂದನ್ನೂ ಜೆಪೆಗ್ ಮಾಡಿ ಉಳಿಸಿಯೇ ಹೋಲಿಸಬೇಕು. ನಮ್ಮ ಹೊಂದಾಣಿಕೆಗಳನ್ನು ಕಾಯ್ದಿಡಲು ಮೂರು ಯೂಸರ್ ಡೆಫ್ ಜಾಗಗಳಿವೆ, ಆದರೆ ಕ್ಯಾಮೆರಾದಲ್ಲಿ ಅವುಗಳಿಗೆ ಹೆಸರಿಡಲು ಬರುವುದಿಲ್ಲ; ಮುಹೂರ್ತದ ಗಡಿಬಿಡಿಯಲ್ಲಿ ಯಾವುದು ಯಾವುದೆಂದು ತಿಳಿಯದೆ ಅಜ್ಜಿಯ ಮುಖವನ್ನು ಹಳೇಬೀಡಿನ ಅಂಕಿಗಳಲ್ಲಿ ತೆಗೆದದ್ದೂ ಆಗಿದೆ. ಈಗ ಕ್ಯಾಮೆರಾ ಬ್ಯಾಗಿನ ಮುಚ್ಚಳದ ಒಳಬದಿಯಲ್ಲಿ ಒಂದು ಚೀಟಿ ಅಂಟಿಸಿದ್ದೇನೆ: 1 ಕಲ್ಲು, 2 ಮುಖ, 3 ರಾತ್ರಿ.